ಹತ್ತೂವರೆ ಗಂಟೆಯ ಗಿರ್ಮಿಟ್



ಏಪ್ರಿಲ್ ಎರಡನೇ ವಾರ ಬಂತೆಂದರೆ ಶಾಲೆಗಳ ಬಾಗಿಲು ಮುಚ್ಚುತ್ತದೆ, ನಮ್ಮ ಚರ್ಚುಗಳ ಅಂಗಳದ ಬಾಗಿಲು ತೆರೆಯುತ್ತದೆ. ಧಾರವಾಡ, ಹುಬ್ಬಳ್ಳಿ, ಗದಗ, ಬೆಟಗೇರಿ, ಎಲ್ಲಿಗೆ ಹೋದರೂ ಆ ದಿನಗಳಲ್ಲಿ ದೇವಾಲಯದ ಪಕ್ಕದ ಹಾಲಿನಿಂದ ಮಕ್ಕಳ ಗದ್ದಲ ಕೇಳಿಸುತ್ತಿರುತ್ತದೆ. ವೆಕೇಶನ್ ಬೈಬಲ್ ಸ್ಕೂಲ್ ಎಂಬ ಉದ್ದ ಹೆಸರನ್ನು ಯಾರೂ ಹೇಳುವುದಿಲ್ಲ. ಎಲ್ಲರ ಬಾಯಲ್ಲೂ ಅದು ವಿ.ಬಿ.ಎಸ್. ಕೆಲವು ಸಭೆಗಳಲ್ಲಿ ಐದು ದಿನ, ಕೆಲವೆಡೆ ಹತ್ತು ದಿನ. ಬೆಳಗ್ಗೆ ಎಂಟೂವರೆಗೆ ಶುರುವಾದರೆ ಹನ್ನೆರಡೂವರೆಗೆ ಮಕ್ಕಳು ಮನೆಗೆ. ಹಾಡು, ಸತ್ಯವೇದದ ಕಥೆ, ಕಂಠಪಾಠದ ವಚನ, ಬಣ್ಣದ ಕಾಗದ ಕತ್ತರಿಸುವ ಕೈಕೆಲಸ, ಆಟ. ಇವೆಲ್ಲದರ ನಡುವೆ, ಹತ್ತೂವರೆಗೆ, ತಿಂಡಿ.

ಈ ಹೊತ್ತು ನಾನು ಮಾತಾಡುವುದು ಆ ತಿಂಡಿಯ ಇಪ್ಪತ್ತು ನಿಮಿಷದ ಬಗ್ಗೆ.

ಮಾರ್ಚ್ ತಿಂಗಳಲ್ಲಿ ಸಭೆಯ ಹಿರಿಯರು ಕೂತು ಕೆಲಸ ಹಂಚುತ್ತಾರೆ. ಹಾಡು ಕಲಿಸಲು ದನಿ ಇದ್ದವರು, ಕಥೆ ಹೇಳಲು ಮಾತು ಬಲ್ಲವರು. ತಿಂಡಿಗೆ? ‘ಅಕ್ಕಾರ ಕೈ ರುಚಿ ಭಾಳ ಛಲೋ ಐತಿ, ಅವರಿಗೇ ಇರಲಿ’ ಎಂದು ಒಬ್ಬ ಒಳ್ಳೆಯ ಅಡುಗೆಯವರ ಕೊರಳಿಗೆ ಕಟ್ಟುತ್ತಾರೆ. ನನಗೆ ಇದು ಒಪ್ಪುವುದಿಲ್ಲ. ನೂರು ಮಕ್ಕಳ ತಿಂಡಿಗೆ ಕೈರುಚಿ ಬೇಕು, ನಿಜ. ಅದಕ್ಕಿಂತ ಹೆಚ್ಚಾಗಿ ಬೇಕಾದದ್ದು ಲೆಕ್ಕ. ಹೊತ್ತಿನ ಲೆಕ್ಕ, ನೀರಿನ ಲೆಕ್ಕ, ಕೈಗಳ ಲೆಕ್ಕ. ರುಚಿ ತುಸು ಕಡಿಮೆಯಾದರೆ ಮಕ್ಕಳು ಕ್ಷಮಿಸುತ್ತಾರೆ. ಸಾಲಿನ ಕೊನೆಯಲ್ಲಿ ನಿಂತು, ತನ್ನ ಸರದಿ ಬರುವಷ್ಟರಲ್ಲಿ ಗಂಟೆ ಬಾರಿಸಿದರೆ ಯಾವ ಮಗುವೂ ಕ್ಷಮಿಸುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ನೂರು ಮಕ್ಕಳಿದ್ದಾರೆ. ಒಂದೇ ಮೇಜು ಹಾಕಿ, ಒಂದೇ ಸಾಲು ನಿಲ್ಲಿಸಿದಿರಿ. ತಾಟು ಕೊಟ್ಟು, ತಿಂಡಿ ಹಾಕಿ, ಲೋಟ ಕೈಗಿಟ್ಟು ಕಳಿಸಲು ಒಂದು ಮಗುವಿಗೆ ಹತ್ತು ಸೆಕೆಂಡು ಎನ್ನೋಣ. ನೂರು ಮಕ್ಕಳಿಗೆ ಸಾವಿರ ಸೆಕೆಂಡು, ಅಂದರೆ ಹತ್ತಿರ ಹತ್ತಿರ 17 ನಿಮಿಷ. ತಿಂಡಿಯ ವಿರಾಮ 20 ನಿಮಿಷ. ಕೊನೆಯ ಮಗುವಿಗೆ ತಿನ್ನಲು ಉಳಿದದ್ದು ಮೂರೇ ನಿಮಿಷ. ಆ ಕೊನೆಯ ಮಗು ಯಾರು? ಹೆಚ್ಚಾಗಿ ಅದು ಸಣ್ಣದು, ಮೆತ್ತನೆಯದು, ತಳ್ಳಿಸಿಕೊಂಡು ಹಿಂದೆ ಬಿದ್ದದ್ದು. ಎರಡು ಮೇಜು ಹಾಕಿದರೆ ಹೊತ್ತು ಅರ್ಧವಾಗುತ್ತದೆ, ಆದರೆ ತಳ್ಳಾಟ ಅರ್ಧವಾಗುವುದಿಲ್ಲ.

ಇದಕ್ಕೆ ನಮ್ಮ ಮದುವೆ ಮನೆಗಳಲ್ಲಿ ಹಿಂದಿನಿಂದ ಉತ್ತರ ಇದೆ. ಪಂಕ್ತಿ ಹಾಕಿ. ಜಮಖಾನೆ ಹಾಸಿ, ತರಗತಿಯ ಪ್ರಕಾರ ಮಕ್ಕಳನ್ನು ಸಾಲಾಗಿ ಕೂರಿಸಿ, ತಿಂಡಿಯೇ ಮಕ್ಕಳ ಹತ್ತಿರ ಬರಲಿ. ಒಬ್ಬರು ತಾಟು ಇಡುತ್ತ ಹೋಗಲಿ, ಹಿಂದೆ ಒಬ್ಬರು ಬಡಿಸುತ್ತ ಬರಲಿ, ಅವರ ಹಿಂದೆ ಮಜ್ಜಿಗೆಯ ಕೊಳಗ. ಒಂದೊಂದು ಸಾಲಿಗೆ ಇಂಥ ಮೂವರು ಇದ್ದರೆ ಐದಾರು ನಿಮಿಷದಲ್ಲಿ ಎಲ್ಲರ ಮುಂದೆಯೂ ತಿಂಡಿ ಇರುತ್ತದೆ. ಮೇಜಿನ ಮುಂದೆ ಸಾಲು ನಿಲ್ಲಿಸುವುದು ಎಲ್ಲಿಂದಲೋ ನೋಡಿ ಕಲಿತ ಪದ್ಧತಿ. ಮಕ್ಕಳಿಗೆ ಅದು ಹೊಂದುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬೇಕಿದ್ದರೆ ಮೇಜು ಇರಲಿ, ಬಡಿಸುವವರ ಸಾಮಾನು ಇಡುವುದಕ್ಕೆ.

ಕೈ ತೊಳೆಯುವುದರಲ್ಲೂ ಇದೇ ಪಾಡು. ಸಾಬೂನು ಹಚ್ಚಿ 20 ಸೆಕೆಂಡು ಉಜ್ಜಬೇಕು ಎಂದು ಕೊರೊನಾ ಕಾಲದಲ್ಲಿ ನಾವೆಲ್ಲ ಕಲಿತೆವು. ಒದ್ದೆ ಮಾಡಿ, ಉಜ್ಜಿ, ತೊಳೆಯುವುದಕ್ಕೆ ಒಂದು ಮಗುವಿಗೆ ಅರ್ಧ ನಿಮಿಷ ಹಿಡಿಯಿರಿ. ಅಂಗಳದಲ್ಲಿ ಎರಡು ನಲ್ಲಿ ಇದ್ದರೆ ನೂರು ಮಕ್ಕಳಿಗೆ 25 ನಿಮಿಷ. ತಿಂಡಿಯ ವಿರಾಮಕ್ಕಿಂತ ಹೆಚ್ಚಾಯಿತು! ಹಾಗಾಗಿ ಏನಾಗುತ್ತದೆ? ಬೆರಳ ತುದಿ ಒದ್ದೆ ಮಾಡಿಕೊಂಡು ಅಂಗಿಗೆ ಒರೆಸಿಕೊಂಡು ಓಡಿ ಬರುತ್ತಾರೆ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ, ನಾವು ಕೊಟ್ಟ ಹೊತ್ತೇ ಅಷ್ಟು.

ಉಜ್ಜುವುದಕ್ಕೆ ನಲ್ಲಿ ಬೇಕಾಗಿಲ್ಲ, ನೋಡಿ. ನಲ್ಲಿ ಬೇಕಾದದ್ದು ತೊಳೆಯುವುದಕ್ಕೆ ಮಾತ್ರ. ಮಕ್ಕಳು ಸಾಲಿನಲ್ಲಿ ನಿಂತಿರುವಾಗಲೇ ದೊಡ್ಡ ಹುಡುಗರಿಬ್ಬರು ಬಾಟಲಿಯಲ್ಲಿ ಕಲಸಿಟ್ಟ ಸಾಬೂನು ನೀರನ್ನು ಪ್ರತಿ ಅಂಗೈಗೂ ಒಂದಿಷ್ಟು ಹಾಕುತ್ತ ಹೋಗಲಿ. ಒಂದು ಹಾಡಿನ ಪಲ್ಲವಿ ಮುಗಿಯುವವರೆಗೆ ಎಲ್ಲರೂ ನಿಂತಲ್ಲೇ ಉಜ್ಜಲಿ. ಆಮೇಲೆ ನಾಲ್ವರು ದೊಡ್ಡವರು ಬಕೆಟ್ಟು, ತಂಬಿಗೆ ಹಿಡಿದು ನಿಂತು ನೀರು ಹೊಯ್ದರೆ ಮೂರ್ನಾಲ್ಕು ನಿಮಿಷದಲ್ಲಿ ನೂರು ಜೊತೆ ಕೈಗಳು ಸ್ವಚ್ಛ. ನೀರು ಬಿದ್ದದ್ದು ಕಾಂಪೌಂಡಿನ ಬೇವಿನ ಗಿಡದ ಬುಡಕ್ಕೆ.

ನೀರು ಎಂದೆನಲ್ಲ, ಹುಬ್ಬಳ್ಳಿ–ಧಾರವಾಡದವರಿಗೆ ನೀರಿನ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. 2008ರ ಹೊತ್ತಿಗೆ ಕೆಲವು ವಾರ್ಡುಗಳಿಗೆ ಇಪ್ಪತ್ತನಾಲ್ಕು ತಾಸೂ ನೀರು ಬರುವ ವ್ಯವಸ್ಥೆ ಆಯಿತು. ಉಳಿದ ಓಣಿಗಳಲ್ಲಿ ನೀರು ಬಿಡುವ ದಿನ ಎನ್ನುವುದೇ ಒಂದು ಹಬ್ಬ. ನಿಮ್ಮ ಚರ್ಚು ಅಂಥ ಓಣಿಯಲ್ಲಿದ್ದರೆ ವಿ.ಬಿ.ಎಸ್. ತಾರೀಖು ಗೊತ್ತು ಮಾಡುವ ಮುಂಚೆ ಟಾಕಿಯ ಲೆಕ್ಕ ನೋಡಿ. ಕುಡಿಯಲು ಒಂದು ಮಗುವಿಗೆ ಬೆಳಗಿನ ನಾಲ್ಕು ತಾಸಿಗೆ ಅರ್ಧ ಲೀಟರಾದರೂ ಬೇಕು. ನೂರು ಮಕ್ಕಳಿಗೆ 50 ಲೀಟರು. ಈ ನೀರು ಕುದಿಸಿ ಆರಿಸಿದ್ದಾಗಿರಲಿ. ನೀರು ಮರಳತೊಡಗಿದ ಮೇಲೆ ಇನ್ನೂ ಒಂದು ನಿಮಿಷ ಕುದಿಯಬೇಕು, ಬಿಸಿಯಾದರೆ ಸಾಲದು. ಅಷ್ಟು ನೀರು ಹಿಂದಿನ ಸಂಜೆಯೇ ಕಾಯಿಸದಿದ್ದರೆ ಬೆಳಗ್ಗೆ ಆರುವುದಿಲ್ಲ.

ಈ ರಜಾ ಶಾಲೆ ಹುಟ್ಟಿದ ಕಥೆಯನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಅಮೆರಿಕದ ಇಲಿನಾಯ್ ರಾಜ್ಯದ ಹೋಪ್‌ಡೇಲ್ ಎಂಬ ಊರಿನಲ್ಲಿ 1894ರಲ್ಲೇ ಇಂಥದೊಂದು ಬೇಸಿಗೆ ಶಾಲೆ ನಡೆದಿತ್ತು. ಆದರೆ ಹೆಚ್ಚು ಹೆಸರಾದದ್ದು 1898ರಲ್ಲಿ ನ್ಯೂಯಾರ್ಕಿನಲ್ಲಿ ಹಾಸ್ ಎಂಬ ಮಹಿಳೆ ಶುರು ಮಾಡಿದ ಶಾಲೆ. ನಗರದ ಪೂರ್ವ ಭಾಗದ ಬಡ ಓಣಿಗಳಲ್ಲಿ ಬೇಸಿಗೆಯುದ್ದಕ್ಕೂ ಬೀದಿ ಸುತ್ತುವ ವಲಸೆಗಾರರ ಮಕ್ಕಳನ್ನು ನೋಡಿ, ಬೇರೆ ಜಾಗ ಸಿಗದೆ, ಒಂದು ಬಿಯರ್ ಹಾಲನ್ನು ಬಾಡಿಗೆಗೆ ಹಿಡಿದು ಮಕ್ಕಳನ್ನು ಕೂಡಿಸಿದರು. ಅಲ್ಲಿ ಹಾಡು, ಕಥೆ, ಚಿತ್ರ ಬರೆಯುವುದರ ಜೊತೆಗೆ ಅಡುಗೆಯೂ ಪಾಠವಾಗಿತ್ತು! 1901ರಿಂದ ರಾಬರ್ಟ್ ಬೊವಿಲ್ ಎಂಬವರು ಅದನ್ನು ಬೇರೆ ಬೇರೆ ಕಡೆ ಹಬ್ಬಿಸಿದರು. ನಮ್ಮ ಕಡೆಯ ಸಭೆಗಳು ಇದಕ್ಕಿಂತ ಹಳೆಯವು. ಅವನ್ನು ಕಟ್ಟಿದ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ರಜಾ ಶಾಲೆ ಎಂಬ ಪದ್ಧತಿ ನಮ್ಮಲ್ಲಿಗೆ ಹೊರಗಿನಿಂದ ಬಂದದ್ದು. ಗಿರ್ಮಿಟ್ ಎಂಬ ಚುರುಮುರಿ ತಿಂಡಿ ಮಾತ್ರ ಇಲ್ಲಿನದೇ.

ಈಗ ಗಿರ್ಮಿಟ್ಟಿಗೆ ಬರೋಣ. ಅಮೆರಿಕದ ಕಡೆಯ ವಿ.ಬಿ.ಎಸ್. ಪುಸ್ತಕಗಳಲ್ಲಿ ಕಥೆಗೆ ತಕ್ಕ ತಿಂಡಿ ಎಂದು ಚಂದದ ಚಿತ್ರಗಳಿರುತ್ತವೆ. ಸಮುದ್ರದ ಕಥೆಗೆ ಮೀನಿನ ಆಕಾರದ ಬಿಸ್ಕತ್ತು, ನೀಲಿ ಬಣ್ಣದ ಜೆಲ್ಲಿ, ಹೀಗೆ. ಅದನ್ನು ನೋಡಿ ನಮ್ಮಲ್ಲೂ ಕೆಲವರು ಪೇಟೆಯಿಂದ ಪೊಟ್ಟಣಗಳನ್ನು ತಂದು ಸುರಿಯುತ್ತಾರೆ. ದುಡ್ಡಿಗೆ ದುಡ್ಡೂ ಹೋಯಿತು, ಹೊಟ್ಟೆಯೂ ತುಂಬಲಿಲ್ಲ. ಒಂದು ಕಿಲೋ ಚುರುಮುರಿಯಲ್ಲಿ ಹೆಚ್ಚುಕಡಿಮೆ 40 ಮಕ್ಕಳಿಗೆ ಒಂದೊಂದು ತಾಟು ಗಿರ್ಮಿಟ್ ಆಗುತ್ತದೆ. ಎರಡೂವರೆ ಕಿಲೋ ತಂದರೆ ನೂರು ಮಕ್ಕಳ ಕಥೆ ಮುಗಿಯಿತು.

ಆದರೆ ಗಿರ್ಮಿಟ್ ಹಟಮಾರಿ ತಿಂಡಿ. ಗೊಜ್ಜನ್ನು ತುಸು ಮುಂಚೆ ಮಾಡಿಡಬಹುದು. ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ, ಕರಿಬೇವಿನ ಒಗ್ಗರಣೆ ಹಾಕಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ ಬಾಡಿಸಿ, ಅರಿಷಿಣ, ಉಪ್ಪು, ಹುಣಸಿ ರಸ, ಒಂದು ತುಂಡು ಬೆಲ್ಲ ಹಾಕಿ ಗಟ್ಟಿಯಾಗುವವರೆಗೆ ಕುದಿಸಬೇಕು. ಮಕ್ಕಳಿಗೆ ಎಂದು ಹಸಿಮೆಣಸಿನಕಾಯಿಯನ್ನು ಹೆಚ್ಚದೆ ಉದ್ದಕ್ಕೆ ಸೀಳಿ ಹಾಕಿ. ಘಮ ಬಿಟ್ಟ ಮೇಲೆ ಎತ್ತಿ ಹಾಕಿಬಿಡಬಹುದು. ಹೆಚ್ಚಿ ಹಾಕಿದರೆ ನಾಲ್ಕು ವರ್ಷದ ಕೂಸಿನ ಬಾಯಿಗೆ ಬೀಜ ಸಿಕ್ಕು, ಅದರ ಅಳು ಸಭೆಯ ಗಂಟೆಗಿಂತ ದೂರ ಕೇಳುತ್ತದೆ. ಇಷ್ಟೂ ತಯಾರಾದ ಮೇಲೆ ಚುರುಮುರಿ, ಪುಟಾಣಿ ಹಿಟ್ಟು, ಕೊತ್ತಂಬರಿ, ಸೇವು ಎಲ್ಲ ಬೇರೆ ಬೇರೆ ಇರಬೇಕು. ಕಲಸುವುದು ಬಡಿಸುವ ಕ್ಷಣದಲ್ಲಿ. ಕಲಸಿದ ಐದಾರು ನಿಮಿಷಕ್ಕೆ ಚುರುಮುರಿಯ ಗರಿಗರಿ ಹೋಗುತ್ತದೆ, ಹತ್ತು ನಿಮಿಷಕ್ಕೆ ಅದು ಮುದ್ದೆ.

ಆದ್ದರಿಂದ ನೂರು ಮಕ್ಕಳಿಗೆ ಒಂದೇ ಸಲ ಕಲಸಬೇಡಿ. ಇಪ್ಪತ್ತೈದು ಮಕ್ಕಳಿಗೆ ಒಂದೊಂದು ಬೋಗುಣಿ. ಮಕ್ಕಳು ಕೈ ಮುಗಿದು ಕಣ್ಣು ಮುಚ್ಚಿ ಊಟದ ಪ್ರಾರ್ಥನೆ ಶುರು ಮಾಡಿದಾಗ ಮೊದಲ ಬೋಗುಣಿಗೆ ಗೊಜ್ಜು ಬೀಳಬೇಕು. ‘ಆಮೆನ್’ ಎನ್ನುವಾಗ ಸೌಟು ಎದ್ದಿರಬೇಕು. ಸಣ್ಣ ಮಕ್ಕಳ ಸಾಲು ಮೊದಲು. ಮೊದಲ ಬೋಗುಣಿ ಮುಗಿಯುವ ಹೊತ್ತಿಗೆ ಎರಡನೆಯದನ್ನು ಇನ್ನೊಬ್ಬರು ಕಲಸಿರಬೇಕು. ಒಂದೇ ಒಂದು ತೊಡಕು ಎಂದರೆ, ಒಮ್ಮೊಮ್ಮೆ ಸಭಾಪಾಲಕರಾದ ಅಯ್ಯನವರೇ ಪ್ರಾರ್ಥನೆಗೆ ನಿಲ್ಲುತ್ತಾರೆ. ಊರು, ನಾಡು, ಮಳೆ, ಬೆಳೆ, ಕಾಯಿಲೆ ಬಿದ್ದವರು ಎಲ್ಲರನ್ನೂ ನೆನೆದು ಅವರು ಮುಗಿಸುವಷ್ಟರಲ್ಲಿ ಚುರುಮುರಿ ಮೆತ್ತಗಾಗಿರುತ್ತದೆ. ತಿಂಡಿಯ ಪ್ರಾರ್ಥನೆಯನ್ನು ಮಕ್ಕಳಿಗೇ ಬಿಡುವುದು ಎಲ್ಲ ರೀತಿಯಿಂದಲೂ ಒಳ್ಳೆಯದು. ಅವರು ಅರ್ಧ ನಿಮಿಷದಲ್ಲಿ ಮುಗಿಸುತ್ತಾರೆ, ಯಾಕೆಂದರೆ ಅವರಿಗೆ ಹಸಿವಾಗಿರುತ್ತದೆ.

ಗಿರ್ಮಿಟ್ ಅಂಗಡಿಯಲ್ಲಿ ಕೊಡುವುದು ಹಳೆಯ ಪೇಪರಿನ ಮೇಲೆ. ದೊಡ್ಡವರು ತಿಂದಾಯಿತು, ಬೆಳೆದದ್ದಾಯಿತು. ಮಕ್ಕಳಿಗೆ ಹಾಗೆ ಕೊಡಬೇಡಿ. ಅಚ್ಚಿನ ಮಸಿ ಹೊಟ್ಟೆಗೆ ಹೋಗುತ್ತದೆಂದು, ಪತ್ರಿಕೆಯ ಕಾಗದದಲ್ಲಿ ಆಹಾರ ಕಟ್ಟಬಾರದು, ಬಡಿಸಬಾರದು ಎಂದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಾಟು, ಲೋಟ, ಚಮಚೆಗೆ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧವಿದೆ. ನಮ್ಮ ಕರ್ನಾಟಕದಲ್ಲಿ ಅದಕ್ಕೂ ಮೊದಲೇ, 2016ರಲ್ಲೇ ಆಗಿತ್ತು. ಉಳಿದದ್ದು ಎರಡು ದಾರಿ: ಮುತ್ತುಗದ ಎಲೆಯ ಪತ್ರಾವಳಿ, ಇಲ್ಲವೇ ಸ್ಟೀಲ್ ತಾಟು. ಸ್ಟೀಲ್ ತಾಟು ಅಂದ ಕೂಡಲೆ ‘ತೊಳಿಯೋರು ಯಾರು?’ ಎಂಬ ಪ್ರಶ್ನೆ ಏಳುತ್ತದೆ. ಆ ಮಾತಿಗೆ ಕೊನೆಗೆ ಬರುತ್ತೇನೆ.

ಇನ್ನು ಬಿಸಿಲು. ಏಪ್ರಿಲ್–ಮೇ ಎಂದರೆ ಹುಬ್ಬಳ್ಳಿ ಕಡೆ 37–38 ಡಿಗ್ರಿ. ಮೆಥಡಿಸ್ಟ್ ಸಭೆಗಳಿರುವ ಬೀದರ್, ಕಲಬುರಗಿ ಕಡೆ 40 ದಾಟುತ್ತದೆ. ಬೇಯಿಸಿದ ಆಹಾರದಲ್ಲಿ ರೋಗಾಣುಗಳು ಭರದಿಂದ ಬೆಳೆಯುವುದು 5 ಡಿಗ್ರಿಗಿಂತ ಮೇಲೆ, 60 ಡಿಗ್ರಿಗಿಂತ ಕೆಳಗೆ. ನಮ್ಮ ಬೇಸಿಗೆಯ ಬೆಳಗು ಸರಿಯಾಗಿ ಅದರ ನಟ್ಟನಡುವೆ ಇದೆ. ಸಾಮಾನ್ಯ ದಿನಗಳಲ್ಲಿ ಬೇಯಿಸಿದ್ದನ್ನು ಹೊರಗೆ ಎರಡು ತಾಸಿಗಿಂತ ಹೆಚ್ಚು ಇಡಬಾರದು. ಬಿಸಿಲು 32 ಡಿಗ್ರಿ ದಾಟಿದರೆ ಒಂದೇ ತಾಸು. ಈ ಲೆಕ್ಕ ಹಾಕಿದರೆ ನಮ್ಮ ತಾಯಂದಿರಿಗೆ ಬಲು ಪ್ರೀತಿಯಾದ ಚಿತ್ರಾನ್ನ ತಿಂಡಿಯ ಪಟ್ಟಿಯಿಂದ ಹೊರಗೆ ಬೀಳುತ್ತದೆ. ಬೆಳಗ್ಗೆ ಆರಕ್ಕೆ ಅನ್ನ ಮಾಡಿ, ಏಳಕ್ಕೆ ಒಗ್ಗರಣೆ ಹಾಕಿ, ಮುಚ್ಚಿಟ್ಟು, ಹತ್ತೂವರೆಗೆ ಬಡಿಸಿದರೆ ನಾಲ್ಕೂವರೆ ತಾಸು ಆಯಿತು. ಅನ್ನದಲ್ಲಿ ಬೆಳೆಯುವ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜಕಣ ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಅದು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮಕ್ಕಳಿಗೆ ವಾಂತಿ ಶುರುವಾದಾಗ ‘ಬಿಸಿ ಮಾಡಿಯೇ ಕೊಟ್ಟೇವಲ್ರಿ’ ಎನ್ನುವುದು ಉತ್ತರವಲ್ಲ. ಅನ್ನವೇ ಬೇಕೆಂದರೆ ಅಲ್ಲೇ ಮಾಡಿ, ಬಿಸಿಯಿರುವಾಗಲೇ ಬಡಿಸಿ. ಇಲ್ಲವಾದರೆ ಒಣ ತಿಂಡಿಗೆ ಹೋಗಿ. ಚುರುಮುರಿ, ಅವಲಕ್ಕಿ, ಖರ್ಜೂರ, ಬಾಳೆಹಣ್ಣು, ಬೆಲ್ಲ, ಪುಟಾಣಿ ಇವಕ್ಕೆ ಬಿಸಿಲಿನ ಹೆದರಿಕೆ ಕಡಿಮೆ. ಕಲ್ಲಂಗಡಿ ಹಣ್ಣನ್ನು ಬೆಳಗ್ಗೆಯೇ ಹೆಚ್ಚಿಡಬೇಡಿ, ಮೇಲಿನ ಸಿಪ್ಪೆಯನ್ನು ಚೆನ್ನಾಗಿ ತೊಳೆದು ಬಡಿಸುವ ಮುಂಚೆ ಹೆಚ್ಚಿ. ಚಾಕು ಸಿಪ್ಪೆಯ ಮಣ್ಣನ್ನೆಲ್ಲ ಒಳಗಿನ ತಿರುಳಿಗೆ ಒಯ್ಯುತ್ತದೆ. ಐದು ಕಿಲೋದ ಒಂದು ಹಣ್ಣು ಇಪ್ಪತ್ತು–ಇಪ್ಪತ್ತೈದು ಮಕ್ಕಳಿಗೆ ಸಾಕು.

ಆಹಾರ ಕೆಡುವ ಪಾಠ ಸತ್ಯವೇದದಲ್ಲೇ ಇದೆ ಎಂದು ಮಕ್ಕಳಿಗೆ ಹೇಳಿ ನೋಡಿ, ಕಣ್ಣರಳಿಸುತ್ತಾರೆ. ವಿಮೋಚನಕಾಂಡದಲ್ಲಿ ಮನ್ನದ ಕಥೆ ಬರುತ್ತದಲ್ಲ, ಕೊತ್ತಂಬರಿ ಬೀಜದಂಥ ಬಿಳಿಯ ಕಾಳು, ಮರುಭೂಮಿಯಲ್ಲಿ ವಾರಕ್ಕೆ ಆರು ದಿನ ಬೆಳಗ್ಗೆ ನೆಲದ ಮೇಲೆ ಸಿಗುತ್ತಿತ್ತು. ಅಂದಂದಿನದನ್ನು ಅಂದಂದೇ ತಿನ್ನಬೇಕು ಎಂಬ ಕಟ್ಟಪ್ಪಣೆ. ಮಾತು ಕೇಳದೆ ಮರುದಿನಕ್ಕೆಂದು ಇಟ್ಟುಕೊಂಡವರ ಪಾಲಿನದು ಹುಳ ಬಿದ್ದು ನಾರಿತು. ಈ ಕಥೆ ಹೇಳಿದ ದಿನ ಚುರುಮುರಿ ಕೊಟ್ಟರೆ ಬೇರೆ ಯಾವ ಪುಸ್ತಕದ ಚಿತ್ರವೂ ಬೇಡ. ದಾನಿಯೇಲನ ಕಥೆಯೂ ಹಾಗೆಯೇ. ಅರಸನ ಮನೆಯ ಮೃಷ್ಟಾನ್ನ ಒಲ್ಲದೆ ಅವನೂ ಅವನ ಗೆಳೆಯರೂ ಕಾಯಿಪಲ್ಯ ತಿಂದು ನೀರು ಕುಡಿದು ಹತ್ತು ದಿನ ಪರೀಕ್ಷೆ ಕೊಟ್ಟರು. ನಮ್ಮ ವಿ.ಬಿ.ಎಸ್. ಕೂಡ ಹಲವೆಡೆ ಹತ್ತೇ ದಿನ! ಆ ದಿನ ಹೆಸರುಕಾಳಿನ ಉಸುಳಿ ಮಾಡಿ. ಮೊಳಕೆ ಬರಿಸಿದ್ದಾದರೆ ಹಸಿಯಾಗಿ ಕೊಡಬೇಡಿ, ಬೇಯಿಸಿಯೇ ಕೊಡಿ. ಮೊಳಕೆ ಬರುವ ಬೆಚ್ಚನೆಯ ತೇವ ರೋಗಾಣುಗಳಿಗೂ ಹಿತ.

ಐದು ರೊಟ್ಟಿ, ಎರಡು ಮೀನಿನ ಕಥೆ ನಾಲ್ಕೂ ಸುವಾರ್ತೆಗಳಲ್ಲಿ ಇದೆ. ಆ ರೊಟ್ಟಿ ಒಬ್ಬ ಹುಡುಗನದು ಎಂದೂ, ಅದು ಜವೆಗೋಧಿಯ ರೊಟ್ಟಿ ಎಂದೂ ಹೇಳುವುದು ಯೋಹಾನನ ಸುವಾರ್ತೆ ಮಾತ್ರ. ಜವೆಗೋಧಿ ಆ ಕಾಲದಲ್ಲಿ ಬಡವರ ಧಾನ್ಯ. ನಮ್ಮ ಮಕ್ಕಳಿಗೆ ಇದನ್ನು ತಿಳಿಸಲು ಕೇಕು ಬ್ರೆಡ್ಡು ಯಾಕೆ? ಖಡಕ್ ಜೋಳದ ರೊಟ್ಟಿ ಮುರಿದು, ಒಂದು ಚಮಚೆ ಚಟ್ನಿಪುಡಿ, ಒಂದು ಚಮಚೆ ಮೊಸರು ಹಾಕಿ ಕೊಡಿ. ಕಟ್ಟಿ ತಂದ ಬುತ್ತಿಯನ್ನು ಹಂಚಿದ ಹುಡುಗನ ಕಥೆಯ ರುಚಿ ಅವರಿಗೆ ತಾನಾಗಿ ಹತ್ತುತ್ತದೆ. ಖಡಕ್ ರೊಟ್ಟಿ ಕೆಡುವುದೂ ಇಲ್ಲ. ಹಿಂದಿನ ವಾರವೇ ಮನೆಮನೆಯಿಂದ ಐದೈದು ರೊಟ್ಟಿ ಕೂಡಿಸಿಡಬಹುದು.

ಚಟ್ನಿಪುಡಿ ಅಂದಾಗ ಶೇಂಗಾದ ಮಾತು ಬಂತು. ಶೇಂಗಾ ಇಲ್ಲದೆ ನಮ್ಮ ಕಡೆ ತಿಂಡಿಯೇ ಇಲ್ಲ. ಆದರೆ ಕೆಲವು ಮಕ್ಕಳಿಗೆ ಅದು ಆಗಿಬರುವುದಿಲ್ಲ. ತುಟಿ ಊದಿಕೊಳ್ಳುವುದು, ಮೈಮೇಲೆ ದದ್ದು ಏಳುವುದು, ಉಸಿರು ಕಟ್ಟುವುದು ನಿಮಿಷಗಳಲ್ಲಿ ಆಗಬಹುದು. ಹಾಲು, ಮೊಟ್ಟೆ, ಗೋಧಿ ಆಗದ ಮಕ್ಕಳೂ ಇದ್ದಾರೆ. ಹೆಸರು ಬರೆಸುವ ಫಾರ್ಮಿನಲ್ಲಿ ‘ಮಗುವಿಗೆ ಯಾವ ತಿನಿಸು ಆಗುವುದಿಲ್ಲ?’ ಎಂದು ಒಂದು ಸಾಲು ಸೇರಿಸಿ, ಆ ಹೆಸರುಗಳ ಪಟ್ಟಿ ಅಡುಗೆ ಕೋಣೆಯ ಗೋಡೆಗೆ ಅಂಟಿಸಿ. ಆಫೀಸಿನ ಕಪಾಟಿನಲ್ಲಿ ಇಟ್ಟ ಪಟ್ಟಿಯಿಂದ ಉಪಯೋಗವಿಲ್ಲ. ಅಂಥ ಮಗುವಿಗೆ ಬಡಿಸುವವರು ಯಾರು ಎಂದೂ ಗೊತ್ತಿರಲಿ. ಉಸಿರಾಟದ ತೊಂದರೆ ಕಂಡರೆ ‘ನೋಡೋಣ’ ಎಂದು ಕೂರದೆ 108ಕ್ಕೆ ಫೋನು ಮಾಡಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡಿ ಶೇಂಗಾ, ಇಡಿ ದ್ರಾಕ್ಷಿ ಬೇಡವೇ ಬೇಡ. ಗಂಟಲಿಗೆ ಸಿಕ್ಕುವುದು ಇವೇ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ನಾಲ್ಕು ಹೋಳು ಮಾಡಿ. ಓಡುತ್ತ ತಿನ್ನಬಾರದು ಎಂಬುದಕ್ಕೂ ಇದೇ ಕಾರಣ. ಪಂಕ್ತಿಯಲ್ಲಿ ಕೂರಿಸಬೇಕೆಂದು ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಕುಡಿಯುವುದಕ್ಕೆ ಬಣ್ಣದ ಶರಬತ್ತು ಸುಲಭ: ಪುಡಿ ಸುರಿ, ನೀರು ಹಾಕು, ಕಲಕು. ಸಕ್ಕರೆ ಕುಡಿದ ಮಕ್ಕಳು ಹುಚ್ಚುಚ್ಚಾಗಿ ಕುಣಿಯುತ್ತಾರೆ ಎಂದು ಶಿಕ್ಷಕರು ದೂರುತ್ತಾರೆ. ಅದು ಮಾತ್ರ ಸುಳ್ಳು ಆಪಾದನೆ. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1995ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಸಕ್ಕರೆಗೂ ಮಕ್ಕಳ ವರ್ತನೆಗೂ ನಂಟು ಕಾಣಲಿಲ್ಲ. ನೂರು ಮಕ್ಕಳು ಒಂದೆಡೆ ಕೂಡಿದರೆ ಸಕ್ಕರೆ ಇಲ್ಲದೆಯೂ ಕುಣಿಯುತ್ತಾರೆ. ಹಲ್ಲು ಹುಳುಕಾಗುವುದಕ್ಕೆ ಮಾತ್ರ ಸಕ್ಕರೆಯದೇ ತಪ್ಪು. ಬಣ್ಣದ ವಿಚಾರದಲ್ಲಿ ನಮ್ಮ ರಾಜ್ಯ ಸರ್ಕಾರ 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗಳಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅವುಗಳಲ್ಲಿ ಸಿಕ್ಕ ರೋಡಮೈನ್–ಬಿ ಎಂಬುದು ಬಟ್ಟೆಗೆ ಹಾಕುವ ಬಣ್ಣ. ಶರಬತ್ತು ಬಿಟ್ಟು ಮಜ್ಜಿಗೆ ಮಾಡಿ. ಒಂದು ಲೀಟರು ಮೊಸರಿಗೆ ಮೂರು ಲೀಟರು ಕಾಯಿಸಿ ಆರಿಸಿದ ನೀರು ಹಾಕಿ ಕಡೆದರೆ ಇಪ್ಪತ್ತೈದು ಮಕ್ಕಳಿಗೆ ಒಂದೊಂದು ಲೋಟ ಮಜ್ಜಿಗೆ. ಚಿಟಿಕೆ ಉಪ್ಪು, ಜಜ್ಜಿದ ಶುಂಠಿ, ಕೊತ್ತಂಬರಿ ಹಾಕಿದರೆ ಬೆವರಿನಲ್ಲಿ ಹೋದ ಉಪ್ಪೂ ಬಂತು, ನೀರೂ ಬಂತು.

ಇನ್ನೊಂದು ಮಾತನ್ನು ತುಸು ಎಚ್ಚರದಿಂದ ಹೇಳಬೇಕು. ನಮ್ಮ ರಜಾ ಶಾಲೆಗಳಿಗೆ ಸಭೆಯ ಮಕ್ಕಳಷ್ಟೇ ಬರುವುದಿಲ್ಲ. ಪಕ್ಕದ ಮನೆಯವರು, ಶಾಲೆಯ ಗೆಳೆಯರು, ಓಣಿಯ ಮಕ್ಕಳು ಬರುತ್ತಾರೆ. ಬರಲಿ. ಆದರೆ ತಂದೆತಾಯಿಯ ಒಪ್ಪಿಗೆ ಬರಹದಲ್ಲಿರಲಿ. ತಿಂಡಿ ಗಾಳದ ಎರೆಯಾಗಬಾರದು. ಹಾಡು ಬಾಯಿಪಾಠ ಮಾಡಿದವರಿಗೆ ಎರಡು ಲಾಡು, ಮಾಡದವರಿಗೆ ಒಂದು ಎನ್ನುವ ಪದ್ಧತಿ ನನಗೆ ಸೇರುವುದಿಲ್ಲ. ಬಹುಮಾನ ಕೊಡುವುದಿದ್ದರೆ ಪೆನ್ಸಿಲ್ಲು ಕೊಡಿ, ಬಣ್ಣದ ಸೀಸಗಳನ್ನು ಕೊಡಿ. ತಿನಿಸು ಎಲ್ಲರಿಗೂ ಒಂದೇ. ಎಲ್ಲ ಮನೆಗಳ ಮಕ್ಕಳೂ ತಿನ್ನುವಂತಿರಲಿ ಎಂದೇ ನಮ್ಮ ತಿಂಡಿ ಪೂರ್ತಿ ಸಸ್ಯಾಹಾರ. ಎರಡು ಮೀನಿನ ಕಥೆಯ ದಿನವೂ ಮೀನಿಲ್ಲ. ‘ಆಂಟಿ, ಮೀನ್ ಎಲ್ಲೈತ್ರಿ?’ ಎಂದು ಕೇಳುವ ಪೋರರು ಪ್ರತಿ ವರ್ಷ ಇರುತ್ತಾರೆ. ‘ಕಥಿಯೊಳಗೈತಿ, ಅಲ್ಲೇ ಹುಡಕು’ ಎನ್ನಬೇಕು, ಅಷ್ಟೆ.

ಎರಡನೇ ಸಲ ಕೇಳುವ ಮಗುವಿಗೆ ಕಾರಣ ಕೇಳದೆ ಹಾಕಿ. ಕೆಲವು ಮಕ್ಕಳಿಗೆ ಶಾಲೆಯ ಬಿಸಿಯೂಟವೇ ದಿನದ ದೊಡ್ಡ ಊಟ. 2002ರಲ್ಲಿ ನಮ್ಮ ರಾಜ್ಯದ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಎಂಬ ಈ ಬಿಸಿಯೂಟದ ಯೋಜನೆ ಶುರುವಾಗಿ, ಆಮೇಲೆ ಉಳಿದ ಜಿಲ್ಲೆಗಳಿಗೂ ಹಬ್ಬಿತು. ಬರ ಬಿದ್ದ ವರ್ಷಗಳಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ರಜೆಯಲ್ಲೂ ಊಟ ಹಾಕಿದ್ದುಂಟು. ಉಳಿದ ವರ್ಷ ಏಪ್ರಿಲ್ ಬಂದರೆ ಆ ಊಟ ನಿಲ್ಲುತ್ತದೆ. ಬೆಳಗ್ಗೆ ಚಹಾ ಕುಡಿದಷ್ಟಕ್ಕೇ ಬಂದ ಹುಡುಗ ಯಾರು ಎಂದು ನಮಗೆ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಹತ್ತು ಮಕ್ಕಳಿಗೆ ಎರಡು ಪಾಲಿನಂತೆ ಹೆಚ್ಚಿಗೆ ಮಾಡಿ. ಉಳಿದರೆ ಬಡಿಸಿದವರು ತಿನ್ನುತ್ತಾರೆ. ಆ ಐದು ರೊಟ್ಟಿಯ ಕಥೆಯಲ್ಲೂ ಎಲ್ಲರೂ ಉಂಡ ಮೇಲೆ ಮಿಕ್ಕದ್ದನ್ನು ಹನ್ನೆರಡು ಪುಟ್ಟಿಗಳಲ್ಲಿ ಕೂಡಿಸಿದರು, ಚೆಲ್ಲಲಿಲ್ಲ.

ಈಗ ಪಾತ್ರೆಯ ಮಾತು. ನೂರು ತಾಟು, ನೂರು ಲೋಟ, ನಾಲ್ಕು ಬೋಗುಣಿ, ಎರಡು ಕೊಳಗ. ಹನ್ನೊಂದರೊಳಗೆ ತಿಂಡಿ ಮುಗಿದು ಮಕ್ಕಳು ಆಟಕ್ಕೆ ಓಡಿದರೆ, ಸ್ತ್ರೀಯರ ಕೂಟದ ಅಕ್ಕಂದಿರು ಸೀರೆ ಎತ್ತಿ ಕಟ್ಟಿ ನಲ್ಲಿಯ ಹತ್ತಿರ ಕೂರುತ್ತಾರೆ. ಅದೇ ಹೊತ್ತಿಗೆ ಸಭೆಯ ಗಂಡಸರು ದೇವಾಲಯದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಮುಂದಿನ ವರ್ಷ ಏನೇನು ಸುಧಾರಿಸಬೇಕು ಎಂದು ಚರ್ಚೆ ಮಾಡುತ್ತಿರುತ್ತಾರೆ. ಗಂಡಸರೆಲ್ಲ ಸೋಮಾರಿಗಳು ಎಂದು ನಾನು ಹೇಳುತ್ತಿಲ್ಲ. ನೀರಿನ ಕ್ಯಾನು ಹೊರುತ್ತಾರೆ, ಸಿಲಿಂಡರು ತರುತ್ತಾರೆ, ಪೆಂಡಾಲು ಹಾಕುತ್ತಾರೆ. ಎಲ್ಲ ಎದ್ದು ಕಾಣುವ ಕೆಲಸ. ತಾಟು ತೊಳೆಯುವುದು ಕಾಣುವ ಕೆಲಸವಲ್ಲ. ಮಕ್ಕಳು ಹಾಡು, ವಚನ ಕಲಿಯುವಂತೆಯೇ ಈ ಹತ್ತು ದಿನ ಯಾರು ಕೂತಿದ್ದರು, ಯಾರು ತೊಳೆಯುತ್ತಿದ್ದರು ಎಂಬುದನ್ನೂ ನೋಡಿ ಕಲಿಯುತ್ತಾರೆ.

ಹನ್ನೆರಡು ವರ್ಷ ದಾಟಿದ ಹುಡುಗರಿಗೂ ಹುಡುಗಿಯರಿಗೂ ಸರದಿ ಹಾಕಿ. ತಂತಮ್ಮ ತಾಟು ತಾವೇ ತೊಳೆದಿಡಲಿ. ಸಣ್ಣ ಮಕ್ಕಳ ತಾಟು, ಬೋಗುಣಿ, ಕೊಳಗ, ಕೊನೆಯ ಒರೆಸು ದೊಡ್ಡವರದು. ಈ ಬೇಸಿಗೆಗೆ ನಿಮ್ಮ ಸಭೆಯಲ್ಲಿ ಕೆಲಸ ಹಂಚುವಾಗ ‘ಪಾತ್ರೆ’ ಎಂಬ ಸಾಲಿನ ಮುಂದೆ ದಿನಕ್ಕೆ ಮೂವರು ಗಂಡಸರ ಹೆಸರು ಬರೆಸಿ. ಅಯ್ಯನವರ ಹೆಸರು ಮೊದಲ ದಿನಕ್ಕೇ ಇರಲಿ. ಅವರು ಬೇಡ ಅನ್ನಲಾರರು. ತಮ್ಮ ಗುರು ಶಿಷ್ಯರ ಕಾಲು ತೊಳೆದ ಕಥೆಯನ್ನು ಅವರೇ ಪ್ರತಿ ವರ್ಷ ಶುಭ ಶುಕ್ರವಾರದ ಹಿಂದಿನ ದಿನ ನಮಗೆ ಹೇಳುತ್ತಾರೆ. ನೂರು ತಾಟಿದ್ದರೂ ಮೂವರಿಗೆ ಅರ್ಧ ತಾಸಿನ ಕೆಲಸ. ಸಾಬೂನು ಪುಡಿ, ತಿಕ್ಕುವ ನಾರು ನಾವು ಕೊಡುತ್ತೇವೆ, ನೀವು ಬಂದರೆ ಸಾಕು.